ಉಮೇದುವಾರನ ಗಂಟಲು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ವೋಟಿಲ್ಲ. ಗಾದೆ ಹೀಗಿಲ್ಲವಲ್ಲ ಎಂದು ತಕರಾರು ತೆಗೆಯುವವರು ತೆಗೆಯಲಿ. ಗಾದೆ ಸುಳ್ಳಾದರೂ ಸುಳ್ಳಾದೀತು, ಈಗ ಹೇಳಹೊರಟದ್ದು ಮಾತ್ರ ಹತ್ತು ಜನರೆದುರು ಹಾಡಹಗಲೇ ನಡೆದದ್ದು. ಆ ಶುಕ್ರವಾರ ಬೆಳಿಗ್ಗೆ ಕತಾರಿನ ಅಲ್ ಥುಮಾಮಾದ ತನ್ನ ಫ್ಲ್ಯಾಟಿನ ಬಚ್ಚಲಿನಲ್ಲಿ ಗಡ್ಡ ಹೆರೆಯುತ್ತಿದ್ದ ಕಾಸ್ಮಿರ್ ಮಿನೇಜಸ್, ಕನ್ನಡಿಯನ್ನೇ ಸಭೆಯೆಂದು ಭಾವಿಸಿ, "ನಾನು ಕಾಸ್ಮಿರ್, ಅಧ್ಯಕ್ಷ ಸ್ಥಾನದ ಉಮೇದುವಾರ" ಎಂದ. ಮೊದಲ ಸಲ ಅದು ಕನ್ನಡ ಕೂಟದ ಹಾಲಿ ಅಧ್ಯಕ್ಷ ಮುದ್ದುಕೃಷ್ಣರ ದನಿಯಲ್ಲಿ ಬಂತು, ವಾಕ್ಯಕ್ಕೆ ಮೊದಲಿನ ಕೆಮ್ಮಿನ ಸಮೇತ. ಎರಡನೆಯ ಸಲ ಅವನ ಆಫೀಸಿನ ಈಜಿಪ್ಟಿನ ಮ್ಯಾನೇಜರ್ ಮಾತಾಡಿದ. ಮೂರನೆಯದು ಬ್ಯಾಂಕಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಹೆಂಗಸಿನದು. ನಾಲ್ಕನೆಯದು ತನ್ನದೇ ಇರಬಹುದೆಂದು ಕಿವಿಗೊಟ್ಟ. ಅಷ್ಟರಲ್ಲಿ ಮಹಡಿಯ ನೆತ್ತಿ ಸವರುವಂತೆ ಇಳಿದುಬಂದ ವಿಮಾನವೊಂದು ಅದನ್ನು ನುಂಗಿಕೊಂಡು ಏರ್‌ಪೋರ್ಟಿನ ಕಡೆಗೆ ಹೋಯಿತು. ಕನ್ನಡಿಯಲ್ಲಿ ನೊರೆ ಮೆತ್ತಿದ ಬಾಯಿ ತೆರೆದೇ ಇತ್ತು. ಬ್ಲೇಡು ಎಲ್ಲಿ ತಾಗಿತ್ತೋ, ಗಂಟಲ ಮಣಿಯ ಮೇಲೆ ಕೆಂಪಗೆ ಒಂದು ಹನಿ ಮೂಡಿತು.

ಹೋದ ವಾರ ಮಗಳು ಮೈರಾ ಮಲಗುವಾಗ ಕೇಳಿದ್ದಳು. ಅವನು ಕತೆಯ ಕರಡಿ, ಮೊಲ, ಕಾಗಕ್ಕ ಎಲ್ಲವೂ ಆಗಿ ಮುಗಿಸಿದ ಮೇಲೆ, "ಪಪ್ಪಾ, ನಿಮ್ದು ರಿಯಲ್ ವಾಯ್ಸ್ ಯಾವ್ದು?" ಎಂದು. ಇದೇ ಅಲ್ವಾ ಪುಟ್ಟಿ ಎಂದಿದ್ದ. "ಇದು ಕರಡಿದು" ಎಂದು ಹೇಳಿ ಗೋಡೆಯ ಕಡೆ ಹೊರಳಿಕೊಂಡಿತ್ತು ಮಗು. ಅದನ್ನು ತಮಾಷೆಯಾಗಿ ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ, ಮಗಳ ದನಿಯಲ್ಲೇ.

"ಎಷ್ಟು ಹೊತ್ತು ಮಾರಾಯ್ರೆ, ಒಳಗೆ ಯಾರ್ಯಾರು ಇದ್ದಾರೆ?" ಎಂದು ಹೆಂಡತಿ ಪರ್ಪೆಚುವಾ ಕೊಂಕಣಿಯಲ್ಲಿ ಬಾಗಿಲು ಬಡಿದಳು. ಅವನು ಟವೆಲು ಒತ್ತಿಕೊಂಡು ಹೊರಗೆ ಬಂದಾಗ ಅವಳ ಕೈಯಲ್ಲಿ ಅವನ ಫೋನಿತ್ತು. "ಮುದ್ದುಕೃಷ್ಣರು ಗ್ರೂಪಿನಲ್ಲಿ ಹಾಕಿದ್ದಾರೆ. ರಾಸ್ ಲಫಾನಿನ ನಿಮ್ಮ ಹೆಸರಿಗೆ ಆಕ್ಷೇಪಣೆ ಅಂತೆ. ನೋಡಿ."

ಕೂಟದ ಹೆಸರು ಮರಳು ಮಲ್ಲಿಗೆ ಕನ್ನಡ ಕೂಟ. ಕಾಸ್ಮಿರ್ ಅದನ್ನು ಮರುಳು ಮಲ್ಲಿಗೆ ಎಂದು ಕರೆಯುತ್ತಿದ್ದ. ಈಗ ಹಾಗೆ ಕರೆಯಲು ಬಾಯಿ ಬರುತ್ತಿರಲಿಲ್ಲ. ಅದರ ಬೈಲಾ ಬರೆದ ಪುಣ್ಯಾತ್ಮ ಆ ವರ್ಷವೆಲ್ಲ ಟೀವಿಯಲ್ಲಿ ಅಮೆರಿಕದ ಅಧ್ಯಕ್ಷಗಾದಿಯ ಮೊದಲ ಸುತ್ತಿನ ಜಟಾಪಟಿಯನ್ನು ನೋಡುತ್ತ ಕೂತಿದ್ದನಂತೆ. ಅಲ್ಲಿ ಉಮೇದುವಾರರು ಒಂದೊಂದು ರಾಜ್ಯಕ್ಕೂ ಹೋಗಿ, ಆ ರಾಜ್ಯದ ಕಟ್ಟಳೆಯಂತೆ ಅರ್ಹತೆ ಗಳಿಸಿ, ಅಲ್ಲಿಯ ಮತಪತ್ರದಲ್ಲಿ ಹೆಸರು ಸಂಪಾದಿಸಬೇಕು; ಒಂದು ರಾಜ್ಯದಲ್ಲಿ ಇದ್ದ ಹೆಸರು ಇನ್ನೊಂದರಲ್ಲಿ ಇಲ್ಲದೆಯೂ ಹೋಗಬಹುದು. ಪುಣ್ಯಾತ್ಮನಿಗೆ ಇದು ಬಹಳ ಹಿಡಿಸಿತು. ಕತಾರಿನ ಕನ್ನಡಿಗರನ್ನು ಮೂರು ರಾಜ್ಯ ಮಾಡಿ ಇಟ್ಟ. ಥುಮಾಮಾದಲ್ಲಿ ಸೂಚಕ, ಅನುಮೋದಕ ಇಬ್ಬರೂ ಖುದ್ದಾಗಿ ಬಂದು ಸಹಿ ಹಾಕಬೇಕು. ರಯ್ಯಾನಿನಲ್ಲಿ ಸಂಸಾರಸ್ಥರೇ ಹೆಚ್ಚು, ಅಲ್ಲಿ ಗಂಡ ಸೂಚಿಸಿದರೆ ಹೆಂಡತಿ ಅನುಮೋದಿಸುವಂತಿಲ್ಲ, ಬೇರೆ ಮನೆಯವರೇ ಆಗಬೇಕು. ಉತ್ತರದ ತುದಿಯ ರಾಸ್ ಲಫಾನಿನ ಗ್ಯಾಸ್ ಸ್ಥಾವರಗಳಲ್ಲಿ ಪಾಳಿಯ ಮೇಲೆ ದುಡಿಯುವವರು ಬರುವುದೆಲ್ಲಿಂದ, ಬಿಡುವುದೆಲ್ಲಿಂದ? ಫೋನುಗಳನ್ನೂ ಗೇಟಿನಲ್ಲಿ ಒಪ್ಪಿಸಿ ಒಳಗೆ ಹೋಗುವ ಜನ. ಹಾಗಾಗಿ ಅವರು ಕಂಪನಿ ಬಸ್ಸಿನಲ್ಲಿ ಕೂತು ಚುನಾವಣಾಧಿಕಾರಿಗೆ ದನಿಯ ಸಂದೇಶ ಕಳಿಸಿದರೆ ಸಾಕು. ಇದಕ್ಕೆ ದನಿಸೂಚನೆ ಎಂದು ಹೆಸರು. ಚುನಾವಣಾಧಿಕಾರಿಯೆಂದರೆ ಯಾವಾಗಲೂ ವಿಸಿಟ್ ವೀಸಾದಲ್ಲಿ ಬಂದಿರುವ ಯಾರದಾದರೂ ತಾಯಿ. ಅವರಿಗೆ ವೋಟಿಲ್ಲ, ಯಾರ ಹಂಗೂ ಇಲ್ಲ, ಫಲಿತಾಂಶ ಹೇಳಿ ವಿಮಾನ ಹತ್ತಿದರೆ ಜಗಳಕ್ಕೆ ಸಿಗುವುದೂ ಇಲ್ಲ. ಈ ಸಲ ರಯ್ಯಾನಿನ ಸಹನಾಳ ತಾಯಿ ವಿಜಯಮ್ಮ.

ಥುಮಾಮಾ ಆಗಿತ್ತು. ರಯ್ಯಾನೂ ಆಗಿತ್ತು. ರಾಸ್ ಲಫಾನಿನಿಂದ ಅನ್ಸಾರ್ ಸೂಚಿಸಿ, ರೆಮಿಜಿಯಸ್ ಅನುಮೋದಿಸಿ ದನಿ ಕಳಿಸಿದ್ದರು. ಮುದ್ದುಕೃಷ್ಣರು ಬರೆದದ್ದು ಇಷ್ಟೇ: "ರಾಸ್ ಲಫಾನಿನ ಎರಡೂ ದನಿಗಳು ನಮ್ಮ ಆತ್ಮೀಯ ಮಿಮಿಕ್ರಿ ಕಲಾವಿದರವೇ ಎಂಬುದು ನನ್ನ ನಮ್ರ ಅನುಮಾನ. ಇಂದಿನ ಪರಿಶೀಲನೆಯಲ್ಲಿ ತೀರ್ಮಾನವಾಗಲಿ." ಅದರ ಕೆಳಗೆ ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖಗಳು ಸಾಲಾಗಿ ಬಂದು ಕೂತಿದ್ದವು.

"ಅನ್ಸಾರನಿಗೆ ಫೋನು ಮಾಡಿ" ಎಂದಳು ಪರ್ಪೆಚುವಾ.

ಸ್ವಿಚ್ ಆಫ್. ಪಾಳಿಯಲ್ಲಿದ್ದ. ಕಾಸ್ಮಿರ್ ಕಿಟಕಿಯ ಹತ್ತಿರ ಹೋಗಿ ಫೋನನ್ನು ಬಾಯಿಗೆ ಹತ್ತಿರ ಹಿಡಿದು ಅವನಿಗೊಂದು ದನಿಯ ಸಂದೇಶವನ್ನೇ ಇಟ್ಟ. "ಅನ್ಸಾರ್, ನಾನು ಕಾಸ್ಮಿರ್. ಒಂದು ಹೇಳ್ತೇನೆ, ನಗಾಡ್ಬಾರ್ದು ಆಯ್ತಾ. ನಿಮ್ಮ ದನಿ ನಿಮ್ಮದಲ್ಲ, ನಂದು ಅಂತ ಹೇಳ್ತಿದ್ದಾರೆ. ನಿಮಗೆ ತೊಂದರೆ ಇಲ್ಲಾಂತಾದ್ರೆ, ಸಂಜೆಯ ಮಗ್ರಿಬ್ ಬಾಂಗ್‌ಗೆ ಮೊದಲು ವಿಜಯಮ್ಮನವರಿಗೆ ಒಂದು ಫೋನು..." ಹೇಳುತ್ತ ಹೇಳುತ್ತ ಸಂದೇಶ ಉದ್ದವಾಯಿತು. ರಯ್ಯಾನಿನ ಸಹನಾಳ ವಿಲ್ಲಾದ ಗುರುತು, ಪಕ್ಕದ ಮಸೀದಿ, ಗೇಟಿನ ಬಣ್ಣ, ರಾಜ್ಯೋತ್ಸವ ಒಂದು ಸಲವಾದರೂ ಉತ್ತರದಲ್ಲಿ ಆಗಬೇಕೆಂಬುದು, ತಾನು ಇದನ್ನು ಕುರ್ಚಿಗಾಗಿ ಮಾಡುತ್ತಿಲ್ಲವೆಂಬುದು, ಕ್ಷಮಿಸಿ ಎಂಬುದು. ಕಳಿಸಿದ. ಒಂದೇ ಗೀಟು ಬಿತ್ತು. ತಲುಪಿತೆನ್ನುವ ಎರಡನೆಯದು ಬೀಳಲಿಲ್ಲ.

"ಅವರು ಯಾಕೆ ನಗಾಡಬೇಕು?" ಎಂದು ಕೇಳಿದಳು ಪರ್ಪೆಚುವಾ, ದೋಸೆ ಮಗುಚುತ್ತ. "ನಗುವಂಥದ್ದು ಎಂತ ಉಂಟು ಅದರಲ್ಲಿ?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಮಧ್ಯಾಹ್ನ ಒಬ್ಬನೇ ಕಾರು ಹತ್ತಿದ. ಪರ್ಪೆಚುವಾ ತಾನೂ ಬರುತ್ತೇನೆಂದಿದ್ದಳು; ಬೇಡವೆಂದ. ಅವಮಾನಕ್ಕೆ ಸಂಸಾರ ಸಮೇತ ಹೋಗುವವರುಂಟೆ? ಶುಕ್ರವಾರದ ರಸ್ತೆ ಖಾಲಿಯಿತ್ತು, ಬಿಸಿಲು ಗಾಜಿನ ಮೇಲೆ ಹಿಟ್ಟಿನಂತೆ ಕೂತಿತ್ತು. ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ಅವನು, ತನಗೆ ಗೊತ್ತಿಲ್ಲದೆಯೇ, ಮುದ್ದುಕೃಷ್ಣರಾಗಿದ್ದ: "ಹ್ಞೂಂ... ಅಂದ್ರೆ ಏನಪ್ಪಾ ಅಂದ್ರೆ, ನಮ್ಮ ಕಾಸ್ಮಿರ್ ಈಗ ಒಂದೆರಡು ಐಟಂ ಮಾಡ್ತಾರೆ." ಐಟಂ. ಎಷ್ಟು ವರ್ಷದಿಂದ ಅವನು ಐಟಂ? ನೃತ್ಯ ಮುಗಿದು ಊಟ ಬರುವ ತನಕದ ಹೊಂಡವನ್ನು ಮುಚ್ಚುವ ಮಣ್ಣು ಅವನು. ಪರದೆಯ ಸಂದಿಯಿಂದ ಮುದ್ದುಕೃಷ್ಣರು ಕೈಸನ್ನೆ ಮಾಡಿ, "ಸ್ವಲ್ಪ ಎಳೀರಿ ಕಾಸ್ಮಿರ್, ಬಿರಿಯಾನಿ ವ್ಯಾನು ಸಿಗ್ನಲ್‌ನಲ್ಲಿದೆ" ಎನ್ನುವರು. ಅವನು ಎಳೆಯುವನು. ಮಂಗಳೂರಿನ ಬಸ್ ಕಂಡಕ್ಟರ್, ಈಜಿಪ್ಟಿನ ಮ್ಯಾನೇಜರ್, ಸಿಗ್ನಲ್‌ನಲ್ಲಿ ಸಿಕ್ಕಿಬಿದ್ದ ಬಿರಿಯಾನಿ ವ್ಯಾನಿನ ಹಾರ್ನು ಕೂಡ. ಜನ ಕುರ್ಚಿಯಿಂದ ಜಾರಿ ಬೀಳುವಂತೆ ನಗುವರು, ವ್ಯಾನು ಬರುವುದು, ಅವನು ವಾಕ್ಯದ ನಡುವೆ ಇರುವಾಗಲೇ ಸಭೆ ಎದ್ದು ತಟ್ಟೆಯ ಕಡೆ ನಡೆಯುವುದು. ಅರ್ಧ ನಿಂತ ವಾಕ್ಯವನ್ನು ಖಾಲಿ ಕುರ್ಚಿಗಳಿಗೆ ಹೇಳಿ ಮುಗಿಸುವುದೋ, ನುಂಗುವುದೋ ತಿಳಿಯದೆ ಅವನು ಮೈಕಿನ ಎದುರು ನಿಂತಿರುವನು.

ಆದರೆ ಮುದ್ದುಕೃಷ್ಣರದ್ದೂ ಒಂದು ಲೆಕ್ಕವಿತ್ತಲ್ಲ. ಯಾವುದೋ ವರ್ಷ ಮೈಕ್ ಪರೀಕ್ಷೆ ಮಾಡುತ್ತಿದ್ದಾಗ ಅವನು ಪರದೆಯ ಹಿಂದಿನಿಂದ ಅವರ ದನಿಯಲ್ಲಿ, "ಹ್ಞೂಂ... ಈ ವರ್ಷ ಅಧ್ಯಕ್ಷರ ಭಾಷಣ ಇರೋದಿಲ್ಲ" ಎಂದಿದ್ದ. ಸಭಾಂಗಣ ಚಪ್ಪಾಳೆ ತಟ್ಟಿತು. ತಟ್ಟುತ್ತಲೇ ಇತ್ತು. ಅಷ್ಟರಲ್ಲಿ ಮೆಟ್ಟಿಲ ಬಳಿಯಿಂದ ಮುದ್ದುಕೃಷ್ಣರು ಬಂದರು, ಬರೆದ ಭಾಷಣದ ಹಾಳೆಗಳು ಕೈಯಲ್ಲಿದ್ದವು. ಅವರೂ ನಕ್ಕರು. ಹಾಳೆಯ ಅಂಚು ಮಾತ್ರ ನಡುಗುತ್ತಿತ್ತು. ಆ ಅಂಚು ಈಗಲೂ ಕಣ್ಣಿಗೆ ಬಂದಾಗ ಕಾಸ್ಮಿರ್ ಕಾರಿನ ರೇಡಿಯೋದ ದನಿ ಏರಿಸಿದ. ಅರಬ್ಬಿಯಲ್ಲಿ ಯಾರೋ ಹವಾಮಾನ ಹೇಳುತ್ತಿದ್ದ. ಎರಡು ವಾಕ್ಯ ಕೇಳಿದ್ದೇ ತಡ, ನಾಲಿಗೆ ಆ ಲಯವನ್ನು ಹಿಡಿದು ಹಿಂದೆ ಹಿಂದೆಯೇ ಓಡತೊಡಗಿತು. ಥತ್ ಎಂದು ರೇಡಿಯೋ ಆರಿಸಿದ.

ಸ್ಯಾಮ್ಯುಯೆಲ್ ಇದ್ದಿದ್ದರೆ. ಅವನೂ ರಾಸ್ ಲಫಾನಿನವನೇ, ಕಂಪ್ರೆಸರ್‌ಗಳ ಮಧ್ಯೆ ಆಯುಸ್ಸು ಕಳೆದವನು. ಅಲ್ಲಿಯವರೆಲ್ಲ ಎಲ್ಲಿದ್ದರೂ ಯಂತ್ರದ ಸದ್ದಿನ ಮೇಲೆ ಮಾತಾಡಿದಂತೆಯೇ ಮಾತಾಡುವುದು. ಇಗರ್ಜಿಯಲ್ಲಿ ಪಿಸುಗುಟ್ಟಿದರೂ ಪಾದ್ರಿಗೆ ಕೇಳಬೇಕು. "ಉಪ್ಪು ಕೊಡಿ" ಎಂದು ಊಟದ ಮೇಜಿನಲ್ಲಿ ಕೂಗುವ ಸ್ಯಾಮ್ಯುಯೆಲ್ ಕಾಸ್ಮಿರನ ಅತ್ಯುತ್ತಮ ಐಟಂ. ಪ್ರತಿ ರಾಜ್ಯೋತ್ಸವದಲ್ಲೂ ಸ್ಯಾಮ್ಯುಯೆಲ್ ರಜೆ ಹೊಂದಿಸಿಕೊಂಡು ಅಷ್ಟು ದೂರದಿಂದ ಬಂದು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಕಾಸ್ಮಿರ್ ಆ ನಗುವನ್ನು ಪರವಾನಗಿಯೆಂದು ತಿಳಿದಿದ್ದ. ಕಳೆದ ವರ್ಷ ಸ್ಯಾಮ್ಯುಯೆಲ್ ವೀಸಾ ಮುಗಿಸಿ ಊರಿಗೆ ಹೊರಟಾಗ ಬೀಳ್ಕೊಡುಗೆಯಲ್ಲಿ ಕಾಸ್ಮಿರ್ ಅವನ ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಏನನ್ನೋ ಹೇಳಿದ. ಸ್ಯಾಮ್ಯುಯೆಲ್ ತಿರುಗಲಿಲ್ಲ. "ಆ ಕಿವಿ ಹೋಗಿ ಕಾಲ ಆಯ್ತು ಮಾರಾಯ" ಎಂದು ರೆಮಿಜಿಯಸ್ ಆಚೆಯಿಂದ ಹೇಳಿದ. "ಇನ್ನೊಂದು ಅರ್ಧ ಉಂಟು. ಸ್ಟೇಜಿನ ಮಾತು ಅವನಿಗೆಲ್ಲಿ ಕೇಳ್ತದೆ? ಎಲ್ಲ ನಗುವಾಗ ನಗ್ತಾನೆ."

ಆಮೇಲೆ ಕಾಸ್ಮಿರ್ ಮೈಕಿನ ಎದುರು ಹೋಗಿ ನಿಂತ. ಈ ಸಲ ಯಾರ ದನಿಯೂ ಬೇಡ, ನನ್ನದರಲ್ಲೇ ಹೇಳಬೇಕು ಎಂದುಕೊಂಡ. "ಸ್ಯಾಮ್ಯುಯೆಲ್ ನಮ್ಮನ್ನೆಲ್ಲ ಬಿಟ್ಟು ಹೋಗ್ತಿದ್ದಾನೆ" ಎನ್ನುವಷ್ಟರಲ್ಲಿ ದನಿ ಒಡೆಯಿತು. ಒಡೆದ ದನಿಯನ್ನು ಸರಿಮಾಡಲು ಸ್ವಲ್ಪ ಜೋರಾಗಿ ಹೇಳಿದ. ಅಷ್ಟೇ. ಸಭೆ ಘೊಳ್ಳೆಂದಿತು. ಸ್ಯಾಮ್ಯುಯೆಲ್‌ನದ್ದು ಮಾಡುತ್ತಿದ್ದಾನೆ ಎಂದುಕೊಂಡರು. ಅವನು ಅಳುತ್ತಿದ್ದ, ಅವರು ಚಪ್ಪಾಳೆ ಹೊಡೆಯುತ್ತಿದ್ದರು, ಮುಂದಿನ ಸಾಲಿನಲ್ಲಿ ಸ್ಯಾಮ್ಯುಯೆಲ್ ಸುತ್ತ ನೋಡಿ, ಎಲ್ಲರೂ ನಗುತ್ತಿರುವುದನ್ನು ಕಂಡು, ಎಲ್ಲರಿಗಿಂತ ಜೋರಾಗಿ ನಕ್ಕ. ಅಧ್ಯಕ್ಷನಾಗಬೇಕು ಎಂಬ ಹಟ ಹೊಟ್ಟೆಯಲ್ಲಿ ಹುಟ್ಟಿದ್ದು ಆ ಹೊತ್ತಿನಲ್ಲಿ. ಮಿಮಿಕ್ರಿ ಮಾಡುವವನ ಬಾಯಿಂದ ಬರುವ ನಿಜವೂ ಇವರಿಗೆ ಮಿಮಿಕ್ರಿಯೇ ಆದರೆ, ಆ ನಿಜವನ್ನು ಮತಪತ್ರದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡುತ್ತೇನೆ. ಅಚ್ಚಾದ ಹೆಸರಿಗೆ ದನಿಯಿಲ್ಲ, ನಗುವುದು ಹೇಗೆ ನೋಡುತ್ತೇನೆ. ರಾಸ್ ಲಫಾನಿನ ಮತಪತ್ರದಲ್ಲಿ ಆ ಹೆಸರು ಇರದಿದ್ದರೆ ಉಳಿದೆರಡರಲ್ಲಿ ಇದ್ದೂ ಏನು ಬಂತು?

ಸಹನಾಳ ಮನೆಯ ಹಜಾರದಲ್ಲಿ ಚಪ್ಪಲಿಗಳ ರಾಶಿಯಿತ್ತು, ಒಳಗೆ ಎಸಿಯ ಚಳಿಯಿತ್ತು, ಟೀಪಾಯಿಯ ಮೇಲೆ ಚಕ್ಕುಲಿ, ಸುಲೈಮಾನಿ ಚಹಾ. ಕೂಟದ ಸಮಿತಿಯವರು ಸೋಫಾದಲ್ಲಿ ಒತ್ತಿಕೊಂಡು ಕೂತಿದ್ದರು. ನಡುವಿನ ಒಂಟಿ ಕುರ್ಚಿಯಲ್ಲಿ ವಿಜಯಮ್ಮ, ರೇಷ್ಮೆ ಸೀರೆಯ ಮೇಲೆ ಅಳಿಯನ ಸ್ವೆಟರು. ಮೈಸೂರಿನ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾಲ್ಕು ದಿನದ ಮಟ್ಟಿಗೆ ಸಿಕ್ಕಿದ ಅಧಿಕಾರವನ್ನು ಪರೀಕ್ಷೆಯ ಕೋಣೆಯ ಮೇಲ್ವಿಚಾರಕರಂತೆ ನಡೆಸುತ್ತಿದ್ದರು.

"ಬಾಪ್ಪಾ, ಕೂತ್ಕೋ" ಎಂದರು. "ನಿನ್ನದೇ ನಡೀತಿದೆ."

"ಪರಿಶೀಲನೆ ಅಲ್ಲ ಅಮ್ಮ, ಅವರ ಐಟಂ ನಡೀತಿದೆ" ಎಂದರು ಮುದ್ದುಕೃಷ್ಣ. ನಗು ಎದ್ದಿತು. ಕಾಸ್ಮಿರನ ಮುಖವೂ ಅಭ್ಯಾಸಬಲದಿಂದ ನಕ್ಕುಬಿಟ್ಟಿತು. ಆ ನಗುವನ್ನು ಹಿಂದಕ್ಕೆ ಎಳೆದುಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಸಹನಾ ತಾಯಿಯ ಫೋನಿನಲ್ಲಿ ದನಿಗಳನ್ನು ಹಾಕಿದಳು. ಬಸ್ಸಿನ ಗುಡುಗು, ಹಿಂದೆ ಯಾರದೋ ಗೊರಕೆ, ಅದರ ಮೇಲೆ ಅನ್ಸಾರನ ಕೂಗು: "ವಿಜಯಮ್ಮನವರಿಗೆ ನಮಸ್ಕಾರ. ನಾನು ಅನ್ಸಾರ್, ಉಳ್ಳಾಲ. ರಾಸ್ ಲಫಾನಿಂದ ಕಾಸ್ಮಿರಣ್ಣನ ಹೆಸರು ಸೂಚಿಸ್ತಾ ಇದ್ದೇನೆ. ಕೇಳ್ತದಾ? ಕೇಳದಿದ್ರೆ ಇನ್ನೊಮ್ಮೆ ಹೇಳ್ತೇನೆ." ಎರಡನೆಯದು ಚಿಕ್ಕದು: "ಅನುಮೋದನೆ. ರೆಮಿಜಿಯಸ್. ಕುಂದಾಪುರ. ಖಲಾಸ್."

ಸೋಫಾ ಅಲುಗುವಂತೆ ನಕ್ಕರು. ಕಾಸ್ಮಿರನಿಗೆ ಈ ಸಲ ನಗು ಬರಲಿಲ್ಲ. ಏಕೆಂದರೆ ಅವನೂ ಕೇಳುತ್ತಿದ್ದ, ಮತ್ತು ಅದು ನಿಜವಾಗಿಯೂ ಅವನು ಮಾಡುವ ಐಟಂನ ಹಾಗೆಯೇ ಇತ್ತು. ಅನ್ಸಾರ್ ತನ್ನನ್ನು ನಕಲು ಮಾಡುತ್ತಿದ್ದಾನೋ, ತಾನು ಅನ್ಸಾರನನ್ನೋ? ವರ್ಷಗಟ್ಟಲೆ ಒಂದು ಊರಿನ ಮಾತನ್ನು ಆಡಿ ಆಡಿ, ಆ ಊರಿನವರೇ ಬಾಯಿ ಬಿಟ್ಟರೆ ಸುಳ್ಳೆನಿಸುವಂತೆ ಮಾಡಿಟ್ಟಿದ್ದೇನೆ. ಸ್ಯಾಮ್ಯುಯೆಲ್‌ನ ಕಿವಿಯನ್ನು ಯಂತ್ರ ತಿಂದಿತು, ಇವರ ಬಾಯಿಯನ್ನು ನಾನು ತಿಂದೆ.

"ಅಮ್ಮ, ಇದರಲ್ಲಿ ಅನ್ಸಾರ್ ಎಲ್ಲಿದಾನೆ, ರೆಮಿಜಿಯಸ್ ಎಲ್ಲಿದಾನೆ?" ಮುದ್ದುಕೃಷ್ಣರ ದನಿಯಲ್ಲಿ ಕುಹಕವಿರಲಿಲ್ಲ, ಒಂಥರಾ ದಣಿವಿತ್ತು. "ಎರಡೂ ನಮ್ಮ ಕಾಸ್ಮಿರ್ರೇ. ಬಸ್ಸೂ ಅವರೇ. ಗೊರಕೆನೂ ಅವರೇ. ಅವರ ಪ್ರತಿಭೆ ಬಗ್ಗೆ ನನಗೆ ಗೌರವ ಇದೆ. ಒಂದು ಸಲ ನಾನೂ ಅವರ ಬಾಯಲ್ಲಿ ಬಂದು, ನನ್ನ ಭಾಷಣ ನಾನೇ ರದ್ದು ಮಾಡ್ಕೊಂಡಿದ್ದೆ."

"ಏನಪ್ಪಾ?" ಎಂದರು ವಿಜಯಮ್ಮ.

"ಒಂದು ಹೇಳ್ತೇನೆ, ನಗಾಡ್ಬಾರ್ದು ಆಯ್ತಾ" ಎಂದು ಕಾಸ್ಮಿರ್ ಶುರು ಮಾಡಿದ. ಯಾರೋ ಆಗಲೇ ಕಿಸಕ್ಕೆಂದರು. "ಅವರು ನಿಜವಾಗಿ ಇದ್ದಾರೆ ಅಮ್ಮ. ಅವರು ಮಾತಾಡುವುದೇ ಹಾಗೆ."

"ಇದ್ದಾರೆ ಅಂತ ನನಗೂ ಗೊತ್ತು, ಮಾತಾಡಿದ್ದು ಅವರೇನಾ ಅನ್ನೋದು ಪ್ರಶ್ನೆ." ವಿಜಯಮ್ಮ ಕನ್ನಡಕ ಸರಿಮಾಡಿಕೊಂಡರು. "ಸಹನಾ, ಅವರಿಗೆ ಫೋನ್ ಹಚ್ಚು."

ಎರಡೂ ಸ್ವಿಚ್ ಆಫ್.

"ಪ್ಲಾಂಟ್ ನಿಲ್ಲಿಸಿ ಮಾಡುವ ಶಟ್‌ಡೌನ್ ಕೆಲಸ ಉಂಟು ಅಲ್ಲಿ. ಓವರ್‌ಟೈಮ್ ಹಾಕಿದ್ರೆ ಪಾಳಿ ಯಾವಾಗ ಬಿಡ್ತದೆ ಅಂತ ಇಲ್ಲ" ಎಂದ ಕಾಸ್ಮಿರ್.

"ಸರಿ. ನಿಮ್ಮ ಬೈಲಾದಲ್ಲಿ ಸೂರ್ಯಾಸ್ತದ ತನಕ ಅಂತ ಇದೆ. ಮಸೀದೀಲಿ ಕೂಗೋದ್ರೊಳಗೆ ಅವರಿಬ್ಬರಲ್ಲಿ ಒಬ್ಬರಾದ್ರೂ ನನ್ನ ಹತ್ರ ಮಾತಾಡ್ಲಿ, ನಾನು ನಾಕು ಪ್ರಶ್ನೆ ಕೇಳ್ತೀನಿ. ಒಪ್ಪಿಗೆ ಆದ್ರೆ ಹೆಸರು ಇರತ್ತೆ. ಇಲ್ದಿದ್ರೆ ರಾಸ್ ಲಫಾನಲ್ಲಿ ನಿನ್ನ ಹೆಸರಿಲ್ಲ, ಬೇಜಾರು ಮಾಡ್ಕೋಬಾರದು."

ಬಿಸಿಲು ಕಿಟಕಿಯ ಪರದೆಯಲ್ಲಿ ಕೆಳಗಿಳಿಯತೊಡಗಿತು. ಯಾರೋ ಕ್ರಿಕೆಟ್ ಮಾತು ತೆಗೆದರು, ಯಾರೋ ರಾಜ್ಯೋತ್ಸವದ ಹಾಲಿನ ಬಾಡಿಗೆಯ ಮಾತು. ಕಾಸ್ಮಿರ್ ಫೋನು ತೆಗೆದು ನೋಡಿದ. ಒಂದೇ ಗೀಟು. ಆಗ ಅವನ ಇನ್ನೊಂದು ಜೇಬಿನಲ್ಲಿ ಆಫೀಸಿನ ಫೋನು ತೊಡೆಗೆ ತಾಗಿತು. ಆ ನಂಬರು ಕೂಟದಲ್ಲಿ ಯಾರಿಗೂ ಗೊತ್ತಿಲ್ಲ. ತಾಗಿದ ಜಾಗ ಬಿಸಿಯಾದಂತಾಯಿತು. "ಬಾತ್‌ರೂಮ್?" ಎಂದ. ಸಹನಾ ಕೈ ತೋರಿಸಿದಳು.

ಬಾಗಿಲು ಹಾಕಿ, ಚಿಲಕ ಹಾಕಿ, ನಲ್ಲಿ ತಿರುಗಿಸಿದ. ನೀರು ಬಿರುಸಾಗಿ ಬಿತ್ತು. ಬಸ್ಸಿನ ಸದ್ದಿಗೆ ಇಷ್ಟು ಸಾಕು. ಆಫೀಸಿನ ಫೋನನ್ನು ಕೈಗೆ ತೆಗೆದುಕೊಂಡು, ಇನ್ನೂ ನಂಬರು ಒತ್ತದೆ, ಮೆಲ್ಲಗೆ, ಕೂಗಿನ ಆಕಾರ ಮಾತ್ರ ಇರುವಂತೆ, ಅಂದ: "ಅಮ್ಮ, ನಾನು ಅನ್ಸಾರ್. ಗೇಟಿನಿಂದ ಮಾತಾಡುವುದು. ಕೇಳ್ತದಾ?" ಉಳ್ಳಾಲದ ಉಪ್ಪುಗಾಳಿಯ ಸಮೇತ ಬಂತು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅನ್ಸಾರ್ ಹೇಗೂ ಸೂಚಿಸಿದ್ದಾನೆ, ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರೆ ಸುಳ್ಳೆಲ್ಲಿ? ಅವನ ನಿಜವನ್ನು ನಾನು ಅವನ ಪರವಾಗಿ ಆಡುತ್ತೇನೆ, ಅಷ್ಟೆ. ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು. ಎದುರಿನ ಕನ್ನಡಿಯಲ್ಲಿ ಬೆಳಗಿನ ಗಾಯ ಗಂಟಲ ಮಣಿಯ ಮೇಲೆ ಕಪ್ಪಾಗಿ ಕೂತಿತ್ತು, ಮಾತಾಡುವಾಗ ಮೇಲೆ ಕೆಳಗೆ ಹೋಗುತ್ತಿತ್ತು. ಸ್ಯಾಮ್ಯುಯೆಲ್ ಸುತ್ತ ನೋಡಿದ್ದ, ಎಲ್ಲರೂ ನಗುತ್ತಿದ್ದಾರೆಯೇ ಎಂದು. ಅನ್ಸಾರ್ ಪಾಳಿ ಮುಗಿಸಿ ಫೋನು ತೆರೆದಾಗ ತಿಳಿಯುವುದು, ತಾನು ಆಗಲೇ ಮಾತಾಡಿ ಮುಗಿಸಿದ್ದೇನೆ ಎಂದು. ಹಾಗೆ ಗೆದ್ದು ಅವರ ಮುಂದೆ ಹೋಗಿ ನಿಂತು ಏನೆನ್ನುವುದು? ನಿಮ್ಮ ದನಿಯಾಗಿ ನಿಂತಿದ್ದೇನೆ ಎಂದೇ?

ಆಗುವುದಿಲ್ಲ ಎಂದ. ಕನ್ನಡಿಗೆ ಎಂದ. ಹೆಸರು ಇಲ್ಲದಿದ್ದರೆ ಇಲ್ಲ. ಆದರೆ ಮಿಮಿಕ್ರಿಯವನು ಮಿಮಿಕ್ರಿ ಮಾಡಿಯೇ ಬಂದ ಎನ್ನುವ ಮಾತನ್ನು ಇವರ ಕೈಗೆ ಕೊಡುವುದಿಲ್ಲ. ಬೇಡವಾಗಿದ್ದರೂ ಫ್ಲಶ್ ಎಳೆದು ಹೊರಗೆ ಬಂದ.

ಮುದ್ದುಕೃಷ್ಣರು ಅವನನ್ನೂ ಬಚ್ಚಲಿನ ಬಾಗಿಲನ್ನೂ ನೋಡಿದರು. "ಬಂತಾ ಫೋನು?" ಎಂದರು, ಎಲ್ಲರಿಗೂ ಕೇಳುವಂತೆ.

ಕಾಸ್ಮಿರ್ ಎರಡೂ ಜೇಬಿಗೆ ಕೈ ಹಾಕಿದ. ಎರಡೂ ಫೋನು ತೆಗೆದು ಚಕ್ಕುಲಿ ತಟ್ಟೆಯ ಪಕ್ಕದಲ್ಲಿ, ವಿಜಯಮ್ಮನವರ ಕಣ್ಣೆದುರು ಮಲಗಿಸಿದ. "ಎರಡೂ ಇಲ್ಲೇ ಇರ್ಲಿ. ಇದು ನಂದು, ಇದು ಆಫೀಸಿಂದು. ನನ್ನ ಬಾಯಿಯೂ ಇಲ್ಲೇ ಉಂಟು." ಒಂದು ಚಕ್ಕುಲಿ ತೆಗೆದು ಇಡಿಯಾಗಿ ಬಾಯಿಗೆ ತುರುಕಿಕೊಂಡ. ಸೋಫಾದಲ್ಲಿ ಯಾರೂ ನಗಲಿಲ್ಲ. ಅವನಿಗೆ ಅದು ಗಮನಕ್ಕೆ ಬಂತು, ಆದರೆ ಬಾಯಿ ತುಂಬಿತ್ತು.

ಕಿಟಕಿಯ ಪರದೆಯ ಬೆಳಕು ಕಿತ್ತಳೆಯಾಯಿತು. ಮುದ್ದುಕೃಷ್ಣರು ವಾಚು ನೋಡಿಕೊಂಡರು. ಆಗ ವಿಜಯಮ್ಮನವರ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹೆಸರಿರಲಿಲ್ಲ, ಬರೀ ನಂಬರು. ಸಹನಾ ಸ್ಪೀಕರಿಗೆ ಹಾಕಿದಳು.

ಮೊದಲು ಮೂಗಿನಿಂದ ಗಾಳಿ ಎಳೆದುಕೊಂಡ ಸದ್ದು. ಆಮೇಲೆ: "ವಿಜಯಮ್ಮನವರಾ? ನಾನು... ಕಾಸ್ಮಿರ್? ಒಂದು ಹೇಳ್ತೇನೆ, ನಗಾಡ್ಬಾರ್ದು ಆಯ್ತಾ."

ಎಲ್ಲರ ಕಣ್ಣು ಫೋನಿನಿಂದ ಕಾಸ್ಮಿರನ ಬಾಯಿಗೆ, ಬಾಯಿಂದ ಫೋನಿಗೆ ಹೋಯಿತು. ಬಾಯಲ್ಲಿ ಚಕ್ಕುಲಿ ಇತ್ತು. ಅವನು ಅಗಿಯುವುದನ್ನು ಮರೆತಿದ್ದ.

"ನಿಮಗೆ ತೊಂದರೆ ಇಲ್ಲಾಂತಾದ್ರೆ, ನನ್ನ ಹೆಸರು ಮೂರೂ ಕಡೆಯಿಂದ ತೆಗೀರಿ ಅಮ್ಮ. ಅಧ್ಯಕ್ಷ ಎಲ್ಲ ನಂಗೆ ಯಾಕೆ? ಕ್ಷಮಿಸಿ ಆಯ್ತಾ. ಬಿರಿಯಾನಿ ವ್ಯಾನು ಬರುವ ತನಕ ಒಂದೆರಡು ಐಟಂ ಮಾಡಿ ಹೋಗ್ತೇನೆ. ನಾನು ಕುರ್ಚಿಗೆ ಅಂತ ಬಂದವನಲ್ಲ, ಕುರ್ಚಿ ಇದ್ರೂ ನಿಂತೇ ಇರ್ತೇನೆ..."

ವಾಕ್ಯದ ಕೊನೆಗೆ ಬರುವಾಗ ದನಿ ಮೆಟ್ಟಿಲು ಇಳಿದಂತೆ ಕೆಳಗಾಗುತ್ತಿತ್ತು. ಹೆಸರು ಹೇಳುವಾಗ, ಅದು ತನ್ನದು ಹೌದೋ ಅಲ್ಲವೋ ಎಂದು ಎದುರಿನವರನ್ನು ಕೇಳಿದಂತಿತ್ತು. ಪ್ರತಿ ಮಾತಿಗೂ ಮೊದಲೇ ಒಂದು ಕ್ಷಮೆ. ಯಾರಿವನು ಎಂದು ಕಾಸ್ಮಿರ್ ಯೋಚಿಸಿದ. ಯಾರೀ ಹೆದರುಪುಕ್ಕ, ಬಾಗಿಲು ತಟ್ಟಿ ತಾನೇ ಹಿಂದೆ ಸರಿದು ನಿಲ್ಲುವವನು? ಗೊತ್ತಿದ್ದವನೇ, ಬಹಳ ಹತ್ತಿರದವನೇ. ಇಷ್ಟು ವರ್ಷ ಸಿಕ್ಕಸಿಕ್ಕವರ ಮೂಗು, ಕೆಮ್ಮು, ಲಯ ಎಲ್ಲವನ್ನೂ ಹೆಕ್ಕಿ ತಂದ ತನ್ನ ಕಿವಿಗೆ ಈ ಒಬ್ಬ ಮಾತ್ರ ಹೇಗೆ ತಪ್ಪಿಸಿಕೊಂಡ? ನಗುವಂಥದ್ದು ಎಂತ ಉಂಟು ಎಂದು ಪರ್ಪೆಚುವಾ ದೋಸೆ ಮಗುಚುತ್ತ ಕೇಳಿದ್ದು ಈಗ ಕಿವಿಗೆ ಬಿತ್ತು. ಮೈರಾಳನ್ನು ಕರೆದು ಇದನ್ನು ಕೇಳಿಸಬೇಕು ಅನಿಸಿತು. ಇಗೋ ಪುಟ್ಟಿ, ಇದು.

"ಕಾಸ್ಮಿರ್?" ಎಂದರು ವಿಜಯಮ್ಮ. ಫೋನಿಗೋ ಅವನಿಗೋ ಅವರಿಗೇ ಗೊತ್ತಿರಲಿಲ್ಲ.

ಅವನು ಎದ್ದು ನಿಂತ. ಚಕ್ಕುಲಿ ನುಂಗಿದ. "ತೆಗೆಯುವುದು ಬೇಡ ಅಮ್ಮ" ಎಂದ. "ಫೋನಿನಲ್ಲಿ ಇರುವವನ ಮಾತು ನಂಬಬೇಡಿ. ಮೂರೂ ಕಡೆಯಲ್ಲಿ ಹೆಸರು ಇರ್ಲಿ. ನಾನು ನಿಂತಿದ್ದೇನೆ, ಸರಿಯುವುದಿಲ್ಲ. ನಗುವವರು ನಗ್ಲಿ."

ಆಮೇಲೆ ಆ ಮೆತ್ತನೆಯ ದನಿ ಒಡೆದು, ಕಂಪ್ರೆಸರಿನ ಮೇಲಿಂದ ಬಂದಂಥ ಕೂಗಾಯಿತು: "ಹಾಂ, ಹಾಗೆ ಹೇಳಿ ಕಾಸ್ಮಿರಣ್ಣ. ಅಷ್ಟು ಹೇಳ್ಲಿಕ್ಕೆ ಎಷ್ಟು ಹೊತ್ತು? ಟ್ಯಾಕ್ಸಿ ಮೀಟರ್ ಓಡ್ತಾ ಉಂಟು. ಬಾಗಿಲು ತೆಗೀರಿ." ಕೂಗು ಫೋನಿನಿಂದಲೂ ಬಂತು, ಬಾಗಿಲಿನ ಆಚೆಯಿಂದಲೂ ಬಂತು.

ಸಹನಾ ಬಾಗಿಲು ತೆಗೆದಳು. ಚಪ್ಪಲಿ ರಾಶಿಯ ನಡುವೆ, ಎಣ್ಣೆಕಲೆಯ ನೀಲಿ ಡಂಗ್ರಿಯಲ್ಲಿ, ಹೆಲ್ಮೆಟ್ಟಿನ ಗೀರು ಇನ್ನೂ ಹಣೆಯ ಮೇಲಿದ್ದ ಅನ್ಸಾರ್. ಕೈಯಲ್ಲಿ ಟ್ಯಾಕ್ಸಿಯವನ ಫೋನು. ಅವನ ಹಿಂದೆ ರೆಮಿಜಿಯಸ್, ಗೋಡೆಗೆ ಕೈಯಿಟ್ಟು ನಗು ತಡೆಯುತ್ತಿದ್ದ.

"ಸಾರಿ ಅಮ್ಮ" ಎಂದ ಅನ್ಸಾರ್, ಮನೆಯೆಲ್ಲ ಕೇಳುವಂತೆ. "ಗೇಟಿನಲ್ಲಿ ಫೋನು ತೆಗೊಂಡ್ರೆ ಇವರದ್ದು ಒಂದು ಮೆಸೇಜು, ಅರ್ಧ ದಾರಿ ಉದ್ದ ಉಂಟು. ಬಸ್ಸಿನಲ್ಲಿ ಹಾಕಿದೆ. ಎಲ್ಲರೂ ಪುನಃ ಹಾಕು, ಪುನಃ ಹಾಕು ಅಂದ್ರು. ನಗಾಡ್ಬಾರ್ದು ಆಯ್ತಾ, ನಗಾಡ್ಬಾರ್ದು ಆಯ್ತಾ ಅಂತ ಇಡೀ ಬಸ್ಸು ಬಾಯಿಪಾಠ ಮಾಡಿದೆ. ಇವರು ನಮ್ಮನ್ನು ಎಷ್ಟು ವರ್ಷ ಮಾಡಿದ್ರು, ನಾವು ಒಂದು ದಿನ ಮಾಡ್ಬಾರ್ದಾ?"

"ಅನುಮೋದನೆ" ಎಂದ ರೆಮಿಜಿಯಸ್.

ವಿಜಯಮ್ಮ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು, ಕೇಳಬೇಕೆಂದಿದ್ದ ನಾಲ್ಕು ಪ್ರಶ್ನೆಗಳನ್ನು ಕೈಬಿಟ್ಟರು. "ಬರ್ಕೊಳಮ್ಮ ಸಹನಾ" ಎಂದರು, "ರಾಸ್ ಲಫಾನ್ ಆಯ್ತು." ಸೋಫಾ ತುಂಬ ನಗು ಒಡೆಯಿತು. ಮುದ್ದುಕೃಷ್ಣರು ಕೆಮ್ಮಿದರು, "ಹ್ಞೂಂ" ಎಂದು ಏನೋ ಹೇಳಹೊರಟವರು, "ಅವರ ಹಾಗೇ ಇತ್ತಪ್ಪ, ತದ್ವತ್" ಎಂದು ತಾವೂ ನಕ್ಕುಬಿಟ್ಟರು, ಈ ಸಲ ಅವರ ಕೈ ನಡುಗಲಿಲ್ಲ. ಅಷ್ಟರಲ್ಲಿ ಎಲ್ಲ ನಗುಗಳ ಮೇಲಿಂದ ಇನ್ನೊಂದು ನಗು ಎದ್ದು ಬಂತು. ಹಜಾರದಲ್ಲಿದ್ದವರು ಯಾರದಿದು ಎಂದು ತಿರುಗಿ ನೋಡಿದರು, ಏಕೆಂದರೆ ಇಂಥ ನಗುವನ್ನು ಅವರು ಯಾವ ಐಟಂನಲ್ಲೂ ಕೇಳಿರಲಿಲ್ಲ. ಒರಟಾಗಿತ್ತು, ನಡುನಡುವೆ ಗೊರಗೊರ ಎನ್ನುತ್ತಿತ್ತು, ಲಯವಿರಲಿಲ್ಲ, ಸುತ್ತ ನೋಡಿ ಹೊಂದಿಸಿಕೊಂಡದ್ದೂ ಆಗಿರಲಿಲ್ಲ. ಪ್ರತಿ ಅಕ್ಷರವನ್ನೂ ಎರಡೂ ಕಿವಿಯಿಂದ ಕೇಳಿಸಿಕೊಂಡ ಕಾಸ್ಮಿರ್ ಮಿನೇಜಸ್, ಅಂಗಿಯ ಮೇಲೆಲ್ಲ ಚಕ್ಕುಲಿಯ ಪುಡಿ ಉದುರಿಸಿಕೊಳ್ಳುತ್ತ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.